ಎರಡನೆಯ ಅಳತೆ

"ಮುನ್ನೂರ ಹನ್ನೆರಡು!"

ಅಂಗೈಯಗಲದ ಯಂತ್ರ ನೋಡಿ ನರ್ಸ್ ಹುಬ್ಬು ಗಂಟಿಕ್ಕಿದಾಗ, ರೋಗಿಯ ಮಂಚದ ಪಕ್ಕ ಕುಳಿತಿದ್ದ ಅವನ ಹೆಂಡತಿ ದಿಗ್ಗನೆ ಎದ್ದು ನಿಂತಳು. ಗಂಡನ ಹೃದಯದ ಶಸ್ತ್ರಚಿಕಿತ್ಸೆಯಾಗಿ ಎರಡನೆಯ ದಿನ. ಬೆಳಗಿನಿಂದ ಗಂಟೆಗೊಮ್ಮೆ ಅವನ ಬೆರಳು ಚುಚ್ಚಿ ರಕ್ತದ ಸಕ್ಕರೆ ಅಳೆಯುತ್ತಿದ್ದರು. ಹಿಂದಿನ ಗಂಟೆ ನೂರ ನಲವತ್ತೆಂಟಿತ್ತು. ಒಂದು ತುತ್ತೂ ಇಳಿಯದ ಹೊಟ್ಟೆಗೆ ಇಷ್ಟು ಸಕ್ಕರೆ ಬಂದದ್ದಾದರೂ ಎಲ್ಲಿಂದ?

"ಇವರಿಗೆ ಸಕ್ಕರೆ ಕಾಯಿಲೆನೇ ಇಲ್ವಲ್ಲ ಸಿಸ್ಟರ್! ಬೇರೆಯವರ ಫೈಲ್ ಏನಾದ್ರೂ ಬಂದುಬಿಟ್ಟಿದ್ಯಾ?"

"ಇಲ್ಲಮ್ಮ. ಎದೆ ತೆರೆದು ಹೊಲಿದ ಮೇಲೆ ಮೈ ಗಾಬರಿ ಬೀಳುತ್ತೆ. ಕಾಯಿಲೆ ಇಲ್ಲದವರಿಗೂ ಸಕ್ಕರೆ ಏರುತ್ತೆ. ಹಾಗೇ ಬಿಟ್ರೆ ಗಾಯ ಕೀವಾಗುತ್ತೆ. ಅದಕ್ಕೇ ಈ ಇನ್ಸುಲಿನ್."

"ಅದು ಜಾಸ್ತಿ ಆದ್ರೆ?"

"ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪುತ್ತೆ. ಜೀವಕ್ಕೂ ಅಪಾಯ."

ನರ್ಸಿನ ಬೆರಳು ಇನ್ಸುಲಿನ್ ಹರಿಸುವ ಪಂಪಿನ ಗುಂಡಿಯತ್ತ ಸರಿಯಿತು. ಗಂಡ ಕ್ಷೀಣವಾಗಿ ನಕ್ಕ. "ಶಾಲೇಲೂ ನಂಗೆ ಇಷ್ಟು ಮಾರ್ಕ್ಸ್ ಬಂದಿರ್ಲಿಲ್ಲ ಕಣೇ."

"ನೀವು ಸುಮ್ನಿರ್ತೀರಾ!"

ಏರಿದರೂ ಕೇಡು, ಇಳಿದರೂ ಕೇಡು. ಅತ್ತ ದರಿ, ಇತ್ತ ಪುಲಿ. ಯಾವುದನ್ನು ನಂಬಬೇಕು? ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕುಳಿತ ಅವಳು, ಅಳತೆಯಲ್ಲಿ ಅನುಮಾನ ಬಂದರೆ ಬಟ್ಟೆಗೆ ಕತ್ತರಿ ಹಾಕಿದವಳೇ ಅಲ್ಲ. ನಾಲಿಗೆ ತಾನಾಗಿ ಆಡಿತು.

"ಸಿಸ್ಟರ್, ತಡೀರಿ. ಒಂದೇ ಗಂಟೇಲಿ ಇಷ್ಟೊಂದಾ? ಇನ್ನೊಂದ್ಸಲ ಅಳೀರಿ. ಆ ಕೈಯಲ್ಲಿ."

"ಸ್ಪಿರಿಟ್‌ನಲ್ಲಿ ಒರೆಸಿಯೇ ಚುಚ್ಚಿದ್ದೀನಮ್ಮ," ಎಂದು ನರ್ಸ್ ಸಿಡುಕಿದರೂ ಗುಂಡಿ ಒತ್ತಲಿಲ್ಲ. ಹಾಳೆಯಲ್ಲಿದ್ದ ಹಿಂದಿನ ಅಂಕಿಯನ್ನೊಮ್ಮೆ ನೋಡಿ, ಇನ್ನೊಂದು ಕೈಯ ಬೆರಳು ಚುಚ್ಚಿದಳು. ಯಂತ್ರ ಐದು ಕ್ಷಣ ಸುಮ್ಮನಿತ್ತು. ಐದು ಯುಗ.

ನೂರ ನಲವತ್ತನಾಲ್ಕು.

"ಅಬ್ಬಾ! ನೀವು ಹೇಳಿದ್ದು ಒಳ್ಳೇದಾಯ್ತಮ್ಮ. ಇನ್ಸುಲಿನ್ ಏರಿಸಿಬಿಟ್ಟಿದ್ರೆ..." ನರ್ಸ್ ಮೊದಲು ಚುಚ್ಚಿದ ಕೈಯನ್ನೆತ್ತಿ ಮೂಸಿದಳು. "ಇವರಿಗೆ ಕಿತ್ತಳೆ ಕೊಟ್ರಾ?"

"ತಿನ್ನೋಕಲ್ಲ ಸಿಸ್ಟರ್... ಬಾಯಿ ಒಣಗಿದೆ, ವಾಸನೆನಾದ್ರೂ ನೋಡ್ತೀನಿ ಅಂದ್ರು. ಈಗಷ್ಟೇ ಸುಲಿದು ಒಂದು ತೊಳೆ ಆ ಕೈಗೆ ಕೊಟ್ಟಿದ್ದೆ. ಹಿಸುಕಿಬಿಟ್ರು."

"ಆ ರಸವೇ ರಕ್ತದ ಹನಿಗೆ ಬೆರೆತಿದೆ. ಸ್ಪಿರಿಟ್‌ನಲ್ಲಿ ಪೂರ್ತಿ ಹೋಗಲ್ಲ. ನಾನೂ ನೀರಲ್ಲಿ ತೊಳೆದು ಚುಚ್ಚಬೇಕಿತ್ತು."

ನರ್ಸ್ ಈಗ ತನ್ನನ್ನು ಹೊಗಳಿದಳೋ, ಆಕ್ಷೇಪಿಸಿದಳೋ, ಹೆಂಡತಿಗೆ ಬಗೆಹರಿಯಲಿಲ್ಲ. ನರ್ಸ್ ಒದ್ದೆ ಬಟ್ಟೆಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಒಣಗಿಸಿ, ಪಕ್ಕದ ಮಂಚದತ್ತ ನಡೆದಳು.

"ಯಾಕೆ ಹಾಗೆ ನಿಂತೆ? ಬಾ," ಎಂದು ಗಂಡ ಕೈ ಚಾಚಿದ.

ಕಿತ್ತಳೆ ಸುಲಿದಿದ್ದ ಅವಳ ಕೈ ಅರ್ಧ ದಾರಿಗೆ ಹೋಗಿ ನಿಂತಿತು. ಆಮೇಲೆ ಅವಳು ಕುರ್ಚಿ ಎಳೆದುಕೊಂಡು ಕುಳಿತು, ಅವನ ಅಂಗಿಯ ತೋಳಿನ ಅಂಚನ್ನು ಮಾತ್ರ ಎರಡೇ ಬೆರಳಲ್ಲಿ ಹಿಡಿದುಕೊಂಡಳು.