ಗ್ರಹಣಕ್ಕೆಂದು ತೋಡಿದ ತಗ್ಗು

ತಗ್ಗು ತೋಡಿದವನು ನಾನೇ. ಆ ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೈಯಿರಿ.

ನಾನು ಸಿರ್ಗಾಪುರದ ಪೋಚಪ್ಪ. ನಮ್ಮದು ನಿಜಾಮರ ರಾಜ್ಯ, ನನ್ನದು ಕೂಲಿ ಬದುಕು. ಮಗಳು ಬಾಳಮ್ಮನಿಗೆ ಎರಡು ವರ್ಷ ತುಂಬಿದರೂ ನಿಂತರೆ ಕಾಲು ಬಿಲ್ಲಿನಂತೆ ಬಾಗುತ್ತಿದ್ದವು. ನೋಡಿದವರು ಆಡಿಕೊಂಡಾರು ಎಂದು ನಮ್ಮವ್ವ ಮೈಸಮ್ಮ ಕೂಸನ್ನು ಒಳಕೋಣೆಯಲ್ಲೇ ಇಟ್ಟಳು. ಕಾಲು ಇನ್ನಷ್ಟು ಬಾಗಿದವು.

ಸೂರ್ಯಗ್ರಹಣದ ಹೊತ್ತಿಗೆ ಕೂಸನ್ನು ಕುತ್ತಿಗೆತನಕ ಮಣ್ಣಿನಲ್ಲಿ ಹೂತರೆ ಕಾಲು ನೆಟ್ಟಗಾಗುತ್ತವೆ ಎಂದು ಅವ್ವ ನಂಬಿದ್ದಳು. ಮರುದಿನವೇ ಗ್ರಹಣ. ಹಿತ್ತಲಲ್ಲಿ ತಗ್ಗು ತೋಡಿದೆ. ಹೆಂಡತಿ ಭೂದೇವಿ ಬೇಡ ಅಂದಳು, ಅವ್ವ ಬೇಕೇಬೇಕು ಅಂದಳು. ನನಗೆ ತಲೆಬುಡ ತಿಳಿಯಲಿಲ್ಲ, ಹೆದರಿಕೆ ಮಾತ್ರ ಆಗಿತ್ತು.

ಭೂದೇವಿ ಸುಮ್ಮನೆ ಕೂಡಲಿಲ್ಲ. ನಾರಾಯಣಖೇಡದ ದವಾಖಾನೆಯಲ್ಲಿ ಕೆಲಸ ಕಲಿತ ಸೂಲಗಿತ್ತಿ ಈಶಮ್ಮನನ್ನು ಕರೆತಂದಳು. ಈಶಮ್ಮ ಕೂಸಿನ ಎದೆಯ ಮೇಲೆ ಬೆರಳಾಡಿಸಿದಳು.

“ಮುಟ್ಟಿ ನೋಡು ತಮ್ಮಾ, ಪಕ್ಕೆಲುಬು ಗಂಟುಗಂಟು ಆಗ್ಯಾವ. ಎಲುಬು ಮೆತ್ತಗ ಅದಾವ.”

“ಎಲುಬು ಹ್ಯಾಂಗ ಮೆತ್ತಗಾಗ್ತದ್ರಿ ಅಕ್ಕಾ? ಕಲ್ಲಿನಂಗ ಇರ್ತದಲ್ಲ?”

“ನೀ ನೋಡಿದ್ದು ಸತ್ತ ದನದ್ದು. ನಮ್ಮ ಎಲುಬಿಗಿ ಜೀವ ಇರ್ತದ, ಬೆಳೀತದ. ಒಳಗಿನ ಮಜ್ಜಿನಾಗ ರಕ್ತ ಹುಟ್ತದ. ತಲಿಬುರುಡಿ ಮೆದುಳು ಕಾಯ್ತದ, ಪಕ್ಕೆಲುಬು ಹೃದಯ ಕಾಯ್ತಾವ, ಕಾಲೆಲುಬು ಮೈಭಾರ ಹೊರ್ತಾವ. ಮೆತ್ತಗಿದ್ರ ಭಾರಕ್ಕ ಬಾಗ್ತಾವ.”

“ಭೂಮ್ತಾಯಿ ಒತ್ತಿದ್ರ ನೆಟ್ಟಗಾಗ್ತಾವ,” ಅಂದಳು ಅವ್ವ. “ನಮ್ಮ ಹಿರೇರೇನು ದಡ್ಡರಿದ್ರೇನು?”

“ದಡ್ಡರಲ್ಲ ಯವ್ವಾ, ಅವರಿಗಿ ಗೊತ್ತಿರಲಿಲ್ಲ. ಮಣ್ಣು ಎದಿ ಒತ್ತಿದ್ರ ಕೂಸಿಗಿ ಉಸಿರಾಡಾಕ ಆಗಂಗಿಲ್ಲ. ಹಾಲಿನಾಗ, ಸೊಪ್ಪಿನಾಗ ಸುಣ್ಣದಂಶ ಇರ್ತದ. ಅದು ಎಲುಬಿಗಿ ಸೇರ್ಬೇಕಂದ್ರ ಮೈಮ್ಯಾಲ ಬಿಸಿಲು ಬೀಳ್ಬೇಕು.”

“ಬಿಸಿಲು ಎಲುಬಿನೊಳಗ ಹೋಗ್ತದೇನ್ರಿ?” ನಾನು ಕೇಳಿದೆ.

“ತೊಗಲಿಗಿ ಬಿದ್ರ ಸಾಕು. ಮುಂದಿಂದು ಮೈನೇ ಮಾಡ್ಕೋತದ.”

ದಿನವಿಡೀ ಬಿಸಿಲಲ್ಲಿ ದುಡಿಯುವ ಮನೆಯಲ್ಲಿ ಬಿಸಿಲಿಗೆ ಬರವೇ? ಕತ್ತಲೆ ಕೋಣೆಯ ಬಾಗಿಲಲ್ಲಿ ಕೂತ ಮಗಳನ್ನು ನೋಡಿದೆ. ಆಗ ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

“ಮತ್ತ ಗ್ರಹಣದಾಗ ಬಿಸಿಲೇ ಇರಂಗಿಲ್ಲಲ್ಲ ಅವ್ವಾ?”

ಅವ್ವ ಕೂಸಿನ ಕಾಲು ಸವರಿದಳು.

“ವರ್ಷಾತು, ಇದಕ್ಕ ನಾನೇ ಗ್ರಹಣ ಹಿಡಿಸೀನಲ್ಲೋ.”

ಮರುದಿನ ಗ್ರಹಣ ಬಂತು, ಹೋಯಿತು. ತಗ್ಗು ಖಾಲಿ ಇತ್ತು. ಮಾರನೆಯ ಬೆಳಿಗ್ಗೆ ಅವ್ವನೇ ಕೂಸಿನ ಅಂಗಿ ಬಿಚ್ಚಿ ಅಂಗಳದ ಬಿಸಿಲಿಗೆ ತಂದಳು. ಆಡಿಕೊಳ್ಳುವವರು ಆಡಿಕೊಂಡರು. ದವಾಖಾನೆಯ ಡಾಕ್ಟರು ಎಲುಬು ಗಟ್ಟಿಯಾಗಲೆಂದು ಕುಡಿಸಲು ಮೀನೆಣ್ಣೆ ಕೊಟ್ಟರು. ಕಾಲು ಒಂದೇ ದಿನಕ್ಕೆ ಸರಿಯಾಗಲಿಲ್ಲ, ಈಗಲೂ ತುಸು ಬಾಗಿವೆ. ಆದರೆ ಈ ಸುಗ್ಗಿಗೆ ಬಾಳಮ್ಮ ಹೊಲದತನಕ ನಡೆದೇ ಬಂದಳು. ನನಗೆ ಕಣ್ಣು ತುಂಬಿ ಬಂದವು.

ಆ ತಗ್ಗಿನಲ್ಲಿ ನುಗ್ಗೆಕೊಂಬೆ ನೆಟ್ಟಿದ್ದೇವೆ, ಸೊಪ್ಪು ಅವಳಿಗೇ.

ಅಕ್ಕಂದಿರೇ, ಅಣ್ಣಂದಿರೇ, ಎಲುಬಿನ ಸಂಗತಿ ನನಗಿನ್ನೂ ಪೂರಾ ತಿಳಿದಿಲ್ಲ. ನಿಮಗೂ ತಿಳಿಯದಿದ್ದರೆ ನಾಚಬೇಡಿ, ದವಾಖಾನೆಗೆ ಹೋಗಿ ಕೇಳಿ. ನಿಮ್ಮ ಮನೆಯಲ್ಲಿ ಕಾಲು ಬಾಗಿದ ಕೂಸಿದ್ದರೆ ಮುಚ್ಚಿಡಬೇಡಿ, ಮಣ್ಣಿಗಂತೂ ಇಳಿಸಬೇಡಿ. ನಾಳೆ ಬೆಳಿಗ್ಗೆಯೇ ಅಂಗಳಕ್ಕೆ ತನ್ನಿ.