ಏಳನೇ ಸಾಲು

"ಇವತ್ತು ಐದು ಗಂಟೆಗೆ ಫಲಿತಾಂಶದ ಲೆಕ್ಕ ಮುಚ್ಚಿಬಿಡ್ತಾರೆ. ಆಮೇಲೆ ತಿದ್ದೋಕಾಗಲ್ಲ," ಎಂದರು ಪ್ರಿನ್ಸಿಪಾಲರು. ಹೇಳಿದ್ದು ಕಿಟಕಿಯಾಚೆ ನಿಂತಿದ್ದ ಸೈಕಲ್ಲುಗಳಿಗೆ. ಗುಮಾಸ್ತನ ಮುಖ ನೋಡಿ ಹೇಳುವ ಧೈರ್ಯ ಅವರಿಗಿರಲಿಲ್ಲ.

"ಗೊತ್ತು ಸಾರ್."

"ಬೇಕಾದ್ರೆ ನಾನೇ ಮಾಡ್ತೀನಿ. ನಿಮ್ಮ ಪಾಸ್‌ವರ್ಡ್ ಕೊಟ್ರೆ..."

"ನಿಮಗೆ ಪ್ರಿಂಟರ್ ಆನ್ ಮಾಡೋಕೂ ಬರಲ್ಲ ಸಾರ್."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಪ್ರಿನ್ಸಿಪಾಲರು ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಎತ್ತಿ, ಅಲ್ಲೇ ಇಟ್ಟು ಹೊರಟುಹೋದರು. ಬಾಗಿಲನ್ನು ಎಂದೂ ಮುಚ್ಚದ ಮನುಷ್ಯ ಅವತ್ತು ಮೆಲ್ಲಗೆ ಮುಚ್ಚಿದರು.

ಹದಿನಾರು ದಾಟಿದ ಮಕ್ಕಳು ಎರಡು ವರ್ಷ ಓದಲು ಬರುವ ಕಾಲೇಜು ಅದು. ಗುಮಾಸ್ತ ಅಲ್ಲಿ ಹತ್ತೊಂಬತ್ತು ವರ್ಷದಿಂದ ಅಂಕಿಗಳನ್ನು ಕಾಯುತ್ತಿದ್ದ. ಕೆಲಸವೇನೋ ಸರಳ. ಹದಿನಾರನೇ ವಯಸ್ಸಿನ ಪರೀಕ್ಷೆಯಲ್ಲಿ ಒಂದು ಮಗುವಿಗೆ ಇಷ್ಟು ಅಂಕ ಬಂದಿದೆ ಎಂದಿಟ್ಟುಕೊಳ್ಳಿ. ದೇಶದಲ್ಲಿ ಅಷ್ಟೇ ಅಂಕ ತೆಗೆದ ಮಕ್ಕಳೆಲ್ಲ ಎರಡು ವರ್ಷದ ಮೇಲೆ ಸರಾಸರಿ ಯಾವ ಗ್ರೇಡು ಪಡೆದರು ಎಂಬ ಪಟ್ಟಿಯೊಂದು ರಾಜಧಾನಿಯಿಂದ ಬರುತ್ತದೆ. ಅದಕ್ಕೆ ರಾಷ್ಟ್ರೀಯ ಮಾನದಂಡ ಎಂದು ಹೆಸರು. ಮಗು ಅದಕ್ಕಿಂತ ಮೇಲೆ ಬಂದರೆ ಮೇಷ್ಟರಿಗೆ ಶಭಾಷ್, ಕೆಳಗೆ ಬಂದರೆ ಮೇಷ್ಟರಿಗೆ ತಲೆನೋವು. ಎರಡು ವರ್ಷ ಒಂದೇ ಸಮನೆ ಕೆಳಗಿದ್ದರೆ ಆ ತರಗತಿಗೇ ಬೀಗ. ಹಳೇ ಪಟ್ಟಿ ಹಳತಾಯಿತೆಂದು ಈ ವರ್ಷ ಹೊಸದು ಬಂದಿತ್ತು. ಮಕ್ಕಳು ಮೊದಲಿಗಿಂತ ಚೆನ್ನಾಗಿ ಓದುತ್ತಿದ್ದಾರಂತೆ, ಹಾಗಾಗಿ ನಿರೀಕ್ಷೆಯನ್ನೂ ಏರಿಸಿದ್ದರು.

ಹೊಸ ಪಟ್ಟಿಯ ಮುಂದೆ ಗಣಿತದ ತರಗತಿ ಮುಗ್ಗರಿಸಿತ್ತು. ಹೋದ ವರ್ಷವೂ ಕೆಳಗೇ ಇತ್ತು. ಇದ್ದವರು ಹನ್ನೊಂದು ಮಕ್ಕಳು. ಹತ್ತು ಮಂದಿ ಹೇಗೋ ಗೆರೆ ಮುಟ್ಟಿದ್ದರು. ಏಳನೇ ಸಾಲಿನ ಹುಡುಗಿ ಮಾತ್ರ ಎಲ್ಲರನ್ನೂ ಕೆಳಗೆ ಎಳೆಯುತ್ತಿದ್ದಳು.

ಏಳನೇ ಸಾಲು ಗುಮಾಸ್ತನ ಮಗಳದು.

ಹುಟ್ಟಿದ ಮೂರು ತಿಂಗಳು ಬಿಡುವಿಲ್ಲದೆ ರಾಗ ಎಳೆದಿದ್ದಕ್ಕೆ ಅವಳಿಗೆ ಪಿಟೀಲು ಎಂದು ಹೆಸರಿಟ್ಟವನು ಇವನೇ. ಪರೀಕ್ಷೆಗೆ ಮೂರು ತಿಂಗಳಿರುವಾಗ ಪಿಟೀಲಿಗೆ ಜ್ವರ ಬಂತು, ಜ್ವರ ಮೆದುಳಿಗೇರಿತು, ಎಂಟು ದಿನ ಆಸ್ಪತ್ರೆ. ಒಂಬತ್ತನೇ ದಿನ ಅವಳಿರಲಿಲ್ಲ.

ನಡುವೆ ತೀರಿಕೊಂಡ ಮಗುವನ್ನು ಲೆಕ್ಕದಿಂದ ತೆಗೆಯಬಹುದೆಂದು ನಿಯಮವಿದೆ. ಕಾರಣದ ಕಾಲಮ್ಮಿನಲ್ಲಿ ಒಂಬತ್ತು ಎಂದು ಒತ್ತಬೇಕು, ಅಷ್ಟೇ. ಹತ್ತೊಂಬತ್ತು ವರ್ಷಗಳಲ್ಲಿ ಗುಮಾಸ್ತ ಇಬ್ಬರು ಹುಡುಗರನ್ನು ಹಾಗೆ ತೆಗೆದಿದ್ದ. ಒಬ್ಬೊಬ್ಬರಿಗೆ ಎರಡು ನಿಮಿಷ. ಆಮೇಲೆ ಟೀ ಕುಡಿಯಲು ಹೋಗಿದ್ದ. ಆ ಟೀ ಈಗ ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮಗಳನ್ನು ಅವನು ತೆಗೆದಿರಲಿಲ್ಲ. ಮರೆತನೆಂದು ಎಲ್ಲರೂ ಅಂದುಕೊಂಡರು, ಅವನೂ ಹಾಗೇ ಹೇಳಿದ. ಪರೀಕ್ಷೆಗೆ ಅವಳ ನಂಬರೂ ಬಂತು. ಪರೀಕ್ಷೆಯ ಕೊಠಡಿಯಲ್ಲಿ ಕಿಟಕಿ ಪಕ್ಕದ ಡೆಸ್ಕಿಗೆ ಚೀಟಿ ಅಂಟಿಸಿದ್ದರು. ಮೂರು ಗಂಟೆ ಆ ಡೆಸ್ಕಿನ ಮೇಲೆ ಪ್ರಶ್ನೆಪತ್ರಿಕೆ ಮಗುಚಿಟ್ಟಂತೆಯೇ ಇದ್ದುದನ್ನು ಗುಮಾಸ್ತ ಬಾಗಿಲ ಗಾಜಿನಿಂದ ನೋಡಿದ್ದ.

ಈಗ ಪರದೆಯ ಮೇಲೆ ಅವಳ ಸಾಲು ಹೀಗಿತ್ತು: ಹೆಸರು, ಹದಿನಾರರ ಅಂಕ, ನಿರೀಕ್ಷಿತ ಗ್ರೇಡು ಎ, ಪಡೆದ ಗ್ರೇಡು ಖಾಲಿ. ಕೊನೆಯಲ್ಲಿ ಕೆಂಪಕ್ಷರ: ನಿರೀಕ್ಷೆಗಿಂತ ತೀರಾ ಕೆಳಗೆ.

ಕೆಂಪಕ್ಷರವನ್ನು ಅವನು ಹೇಗೋ ನುಂಗಿಕೊಂಡ. ನುಂಗಲಾಗದಿದ್ದುದು ಆ 'ಎ'.

ಎರಡು ವರ್ಷದ ಹಿಂದೆ, ಹದಿನಾರರ ಫಲಿತಾಂಶ ಬಂದ ದಿನ, ಅವನು ಹಳೇ ಪಟ್ಟಿಯಿಂದ ಅವಳ ಅಂಕದ ಸಾಲನ್ನು ಕತ್ತರಿಸಿ ಮನೆಗೆ ಒಯ್ದಿದ್ದ. ಸೇತುವೆ ಕಟ್ಟುವ ಓದಿಗೆ ಹೋಗುತ್ತೇನೆ ಎಂದು ಪಿಟೀಲು ಕುಣಿಯುತ್ತಿದ್ದಳು. ಅದಕ್ಕೆ ಗಣಿತದಲ್ಲಿ ಎ ಬೇಕು. ಆಮೇಲೆ ಅತ್ತುಕೊಂಡು ಕೂರದಿರಲಿ ಎಂಬ ಪ್ರೀತಿಯಿಂದಲೇ ಅವನು ಆ ಚೂರನ್ನು ತೋರಿಸಿದ್ದ. ಬೇರೆ ಯಾವ ಅಪ್ಪನೂ ಇಂಥ ಕೆಲಸ ಮಾಡುತ್ತಿರಲಿಲ್ಲ.

"ನೋಡು, ಇಷ್ಟು ಅಂಕಕ್ಕೆ ಬಿ ಬರತ್ತೆ. ಅದನ್ನೇ ಮನಸ್ಸಲ್ಲಿಟ್ಕೋ."

"ಇದರಲ್ಲಿ ನಾನೆಲ್ಲಿದ್ದೀನಿ?"

"ನಿನ್ನಂಥ ನಲವತ್ತು ಸಾವಿರ ಮಕ್ಕಳಿದ್ದಾರೆ, ಪಿಟೀಲು. ಸುಮ್ನೆ ಹೇಳ್ತಾರಾ?"

"ನನ್ನಂಥೋರು ಇದ್ದಾರೆ. ನಾನಿಲ್ಲ," ಎಂದವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಆ ಚೂರನ್ನು ತನ್ನ ಓದುವ ಮೇಜಿನ ಮೇಲಿನ ಗೋಡೆಗೆ ಟೇಪಿನಿಂದ ಅಂಟಿಸಿದಳು. "ಇದನ್ನ ನೋಡಿದ್ರೆ ಸಿಟ್ಟು ಬರತ್ತೆ, ಸಿಟ್ಟು ಬಂದ್ರೆ ಓದು ಹತ್ತತ್ತೆ," ಎಂದಿದ್ದಳು.

ಆಸ್ಪತ್ರೆಯಲ್ಲಿ ಐದನೇ ದಿನ ಸ್ವಲ್ಪ ಎಚ್ಚರವಾಗಿದ್ದಾಗ, "ಇಷ್ಟು ದಿನ ತಪ್ಪಿದ್ರೆ ಏನೂ ಬರಲ್ಲ ಅಲ್ವಾ ಅಪ್ಪ?" ಎಂದು ಕೇಳಿದಳು. ಅವನು ಅವಳ ಕೂದಲು ಸವರುತ್ತಾ, "ಬರತ್ತೆ ಕಣೇ, ಬಿ ಬಂದೇ ಬರತ್ತೆ," ಎಂದ. ಆಗಲೂ ಬಿ ಎಂದೇ ಅಂದ. ಸಾಯುತ್ತಿದ್ದ ಮಗುವಿಗೆ ಒಂದು ಎ ಕೊಡಲು ಅವನಿಗೆ ಬಾಯಿ ಬರಲಿಲ್ಲ. ಅವಳು ಗೋಡೆಯ ಕಡೆ ಮಗ್ಗುಲಾದಳು.

ನಾಲ್ಕು ಗಂಟೆಗೆ ಗಣಿತದ ಮೇಡಂ ಬಂದರು. ಸೀಮೆಸುಣ್ಣದ ಕೈಗಳನ್ನು ಒರೆಸಿಕೊಂಡೂ ಇರಲಿಲ್ಲ.

"ಪ್ರಿನ್ಸಿಪಾಲರು ಎಲ್ಲಾ ಹೇಳಿದ್ರು. ಆದ್ರೂ ಅವಳನ್ನ ತೆಗೀಬೇಡಿ," ಎಂದರು. "ತರಗತಿ ಹೋದ್ರೆ ಹೋಗ್ಲಿ. ಅವಳು ನನ್ನ ಕ್ಲಾಸಲ್ಲಿ ಕೂತಿದ್ಲು. ಕೂತೇ ಇರ್ಲಿಲ್ಲ ಅಂತ ನಾನು ಬರೆದುಕೊಡಲ್ಲ."

ಗುಮಾಸ್ತ ಪರದೆಯನ್ನು ಅವರ ಕಡೆ ತಿರುಗಿಸಿದ. "ಓದಿ ಮೇಡಂ. ಕೊನೇದು."

ಮೇಡಂ ಕನ್ನಡಕ ಹಾಕಿಕೊಂಡು ಕೆಂಪಕ್ಷರ ಓದಿದರು. ಮತ್ತೆ ಕನ್ನಡಕ ತೆಗೆದರು.

"ಇಲ್ಲಿ ಬಿಟ್ರೆ ಅವಳು ಫೇಲು," ಎಂದ ಗುಮಾಸ್ತ. "ಅವಳು ಫೇಲಾಗ್ಲಿಲ್ಲ ಮೇಡಂ. ಇನ್ನೊಬ್ಬರ ಮಕ್ಕಳು ಬರೋ ತರಗತಿಗೆ ಅವಳ ಹೆಸರಲ್ಲಿ ಬೀಗ ಬೀಳೋದೂ ಬೇಡ. ಅವಳಿಗೆ ಗೊತ್ತಾದ್ರೆ ನನ್ನ ಸುಮ್ನೆ ಬಿಡ್ತಾಳಾ?"

"ಅವಳಿಗೆ ಎಷ್ಟು ಬರ್ತಿತ್ತು ಅಂತ ನೀವು ನನ್ನ ಒಂದು ದಿನವೂ ಕೇಳ್ಲಿಲ್ಲ," ಎಂದರು ಮೇಡಂ.

"ನನ್ನ ಹತ್ರ ಪಟ್ಟಿ ಇತ್ತಲ್ಲ."

ಅವರಿಗೆ ಅಳು ಬಂತು. ಗುಮಾಸ್ತನಿಗೆ ಬರಲಿಲ್ಲ. ಅವರು ಹೋಗುವವರೆಗೆ ಕಾದು, ಏಳನೇ ಸಾಲೊಂದನ್ನೇ ಪ್ರಿಂಟ್ ತೆಗೆದ. ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿದ. ಎ ಮುಗಿದ ಕಡೆ ಇನ್ನೊಮ್ಮೆ ಕತ್ತರಿಸಿ, ಖಾಲಿ ಚೌಕವನ್ನೂ ಕೆಂಪಕ್ಷರವನ್ನೂ ಕಸದ ಬುಟ್ಟಿಗೆ ಹಾಕಿದ. ಆಮೇಲೆ ಕಾರಣದ ಕಾಲಮ್ಮಿನಲ್ಲಿ ಒಂಬತ್ತು ಒತ್ತಿದ. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದ. ಎಂಟನೆಯ ಹುಡುಗ ಏಳಕ್ಕೆ ಬಂದ, ಒಂಬತ್ತನೆಯವಳು ಎಂಟಕ್ಕೆ. ಹನ್ನೊಂದು ಹತ್ತಾಯಿತು. ಗಣಿತದ ತರಗತಿ ಕೂದಲೆಳೆಯ ಅಂತರದಲ್ಲಿ ಗೆರೆ ದಾಟಿತು. ಅವನು ಟೀ ಕುಡಿಯಲು ಹೋಗಲಿಲ್ಲ.

ಮನೆಯಲ್ಲಿ ಹೆಂಡತಿ ಯಾರದೋ ಪರದೆಗಳನ್ನು ಹೊಲಿಯುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ನೇರ ಮಗಳ ಕೋಣೆಗೆ ಹೋದುದನ್ನು ಕಂಡು ಮೆಷಿನ್ ನಿಲ್ಲಿಸಿ ಎದ್ದುಬಂದಳು. ಹಳೇ ಚೂರು ಗೋಡೆಯ ಮೇಲೆ ಹಾಗೇ ಇತ್ತು. ಟೇಪು ಹಳದಿಯಾಗಿತ್ತು. ಅವನು ಜೇಬಿನಿಂದ ಹೊಸ ಚೂರು ತೆಗೆದ.

"ಏನದು?"

"ಹೊಸ ಪಟ್ಟಿ. ಇವತ್ತು ತೆಗೆದುಬಿಟ್ಟೆ ಅವಳನ್ನ."

ಅವಳು ಬೆರಳಿಗೆ ಸುತ್ತಿಕೊಂಡಿದ್ದ ದಾರದ ಎಳೆಯನ್ನು ಬಿಡಿಸಿಕೊಂಡಳು. ಆಮೇಲೆ, "ಇದರಲ್ಲಿ ಏನಂತಿದೆ?" ಎಂದಳು.

"ಎ."

"ಅದೇ ಅಂಕಕ್ಕೆ?"

"ಅದೇ ಅಂಕಕ್ಕೆ," ಎಂದ. ಆಗ ಅವನಿಗೆ ಅಳು ಬಂತು. ಮಗಳ ಕುರ್ಚಿಯ ಬೆನ್ನು ಹಿಡಿದು ಬಿಕ್ಕಿಬಿಕ್ಕಿ ಅತ್ತ. "ಒಂದು ಸಲ ಹೇಳಬಹುದಿತ್ತು ಕಣೇ. ಸುಳ್ಳಾದರೂ ಹೇಳಬಹುದಿತ್ತು."

ಹೇಳಬಹುದಿತ್ತು ಎಂದು ಅವಳಿಗೂ ಅನಿಸುತ್ತಿತ್ತು. ಅದನ್ನು ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಳು. ಅವನ ಕೈಯಿಂದ ಚೂರನ್ನು ತೆಗೆದುಕೊಂಡು, ಡ್ರಾಯರಿನಲ್ಲಿದ್ದ ಮಗಳ ಟೇಪಿನಿಂದ ಒಂದು ತುಂಡು ಹರಿದು, ಹಳೆಯದರ ಕೆಳಗೆ ಅಂಟಿಸಿದಳು. ಟೇಪು ಒಣಗಿತ್ತು. ಬಿಟ್ಟ ಕೂಡಲೇ ಮೂಲೆ ಎದ್ದುಕೊಂಡಿತು. ಮತ್ತೆ ಒತ್ತಿದಳು, ಮತ್ತೆ ಎದ್ದಿತು.

ಹೊರಗೆ ಯಾರೋ ಪರದೆ ಕೇಳಿಕೊಂಡು ಬಂದು ಬಾಗಿಲು ತಟ್ಟಿದರು. ಅವಳು ಹೋಗಲಿಲ್ಲ. ಹೆಬ್ಬೆರಳಿನಿಂದ ಆ ಮೂಲೆಯನ್ನು ಗೋಡೆಗೆ ಒತ್ತಿ ಹಿಡಿದುಕೊಂಡೇ ನಿಂತಿದ್ದಳು.