ವೆಲ್ಡನ್‌ಬರಿಯ ಬೋಣಿ

ಕೊಲ್ಲಿ ದೇಶದ ಟುಬ್ಲಿಯಲ್ಲಿ ಗ್ಯಾರೇಜುಗಳ ನಡುವೆ ಮರಗೆಲಸದ ವರ್ಕ್‌ಶಾಪ್ ಇಟ್ಟಿದ್ದ ಮೋಹನದಾಸ ಶೆಟ್ಟರು ಇಂಗ್ಲೆಂಡಿನ ನೆಲ ಮೆಟ್ಟಿದವರಲ್ಲ. ಆದರೂ ವೆಲ್ಡನ್‌ಬರಿ ಎಂಬ ಸಂತೆಪೇಟೆಯ ಮಾತೆತ್ತಿದರೆ ಸಾಕು, ಅಲ್ಲೇ ಹುಟ್ಟಿ ಬೆಳೆದವರ ಹಾಗೆ ಶುರುಮಾಡುತ್ತಿದ್ದರು. ಹೆಂಡತಿ ನೀರಜಾಕ್ಷಿಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

“ನಮ್ಮೂರಿನ ಸಂತೆ ಯಾವ ವಾರ ಅಂತ ಕೇಳಿದ್ರೆ ನಿಮಗೆ ಗೊತ್ತಿಲ್ಲ. ಅಲ್ಲಿಯದ್ದು ಮಾತ್ರ ಮಂಗಳವಾರ ಅಂತ ಬಾಯಿಪಾಠ!” ಎಂದು ಅವಳು ಛೇಡಿಸುತ್ತಿದ್ದಳು.

ಈ ಹುಚ್ಚು ಹಿಡಿಸಿದವರು ಎವ್ಲಿನ್. ಅದೇ ದೇಶದ ಹೂರಾದಲ್ಲಿ ಬಹುಕಾಲ ಮಕ್ಕಳಿಗೆ ಪಿಯಾನೊ ಕಲಿಸಿ, 2008ರಲ್ಲಿ ಹುಟ್ಟೂರಿಗೆ ಮರಳಲು ಹೊರಟಿದ್ದ ವಯಸ್ಸಾದ ಹೆಂಗಸು. ಅವರ ಊರಿನ ಸಂತೆಗೆ ಆ ವರ್ಷ ಎಂಟುನೂರು ತುಂಬುತ್ತಿತ್ತು. ಊರಾಳಿದ ಡೆಲಮೋರ್ ಮನೆತನದ ವಂಶವೃಕ್ಷವನ್ನು, ಪ್ಲೇಗಿನ ಕಾಲದಿಂದ ಈಚಿನದ್ದನ್ನು, ಸಾಗುವಾನಿ ಹಲಗೆಯಲ್ಲಿ ಕೆತ್ತಿಸಿ ತರುತ್ತೇನೆಂದು ಎವ್ಲಿನ್ ಊರವರಿಗೆ ಮಾತು ಕೊಟ್ಟಿದ್ದರು. ಆ ಮಾತನ್ನು ಉಳಿಸುವುದು ಈಗ ಶೆಟ್ಟರ ಉಳಿಯ ಕೆಲಸವಾಗಿತ್ತು.

ವರ್ಕ್‌ಶಾಪಿಗೆ ಬಂದಾಗಲೆಲ್ಲ ಎವ್ಲಿನ್ ಕರಕ್ ಚಹಾ ಕುಡಿಯುತ್ತ ಕಥೆ ಬಿಚ್ಚುತ್ತಿದ್ದರು. ಊರಿಗೆ ಪ್ಲೇಗು ಬಂದಾಗ ಯಜಮಾನನಾಗಿದ್ದವನು ಹ್ಯೂ ಡೆಲಮೋರ್. ಅವನು ಹಾಸಿಗೆ ಹಿಡಿದ. ಅವನ ತಂಗಿ ಆಗ್ನೆಸ್ ಓಡಿಹೋಗಲಿಲ್ಲ. ಊರ ಗಡಿಯಲ್ಲಿ ಕುಳಿಯಿದ್ದ ಕಲ್ಲೊಂದನ್ನು ಇಡಿಸಿದಳು, ಕುಳಿಗೆ ವಿನೆಗರ್ ತುಂಬಿಸಿದಳು. ನಾಣ್ಯಗಳನ್ನು ಅದರಲ್ಲಿ ಅದ್ದಿಯೇ ಕೊಡಬೇಕು, ತೆಗೆದುಕೊಳ್ಳಬೇಕು. ಹಾಗೆ ಸಂತೆ ಒಂದು ವಾರವೂ ನಿಲ್ಲಲಿಲ್ಲ, ಊರು ಉಪವಾಸ ಬೀಳಲಿಲ್ಲ. ಮುಂದೆ ಪೇಟೆಗೆ ಬೆಂಕಿ ಬಿದ್ದಾಗ ಹ್ಯೂನ ಮಗ ರೂಪರ್ಟ್ ತನ್ನ ಕಾಡಿನ ಓಕ್ ಮರಗಳನ್ನೆಲ್ಲ ಕಡಿಸಿ ಸಂತೆಕಟ್ಟಡ ಕಟ್ಟಿಸಿಕೊಟ್ಟ.

ಶೆಟ್ಟರು ಮಾರುಹೋದದ್ದು ಮಾತ್ರ ಬೇರೊಂದಕ್ಕೆ. ಪ್ರತಿ ಮಂಗಳವಾರ ಮನೆತನದ ಹಿರಿಯ ತಾನೇ ಸಂತೆಗೆ ಬಂದು, ಗಂಟೆ ಬಾರಿಸಿ, ಯಾರಾದರೊಬ್ಬ ವ್ಯಾಪಾರಿಯೆದುರು ಟೋಪಿ ತೆಗೆದು, ಚೌಕಾಸಿ ಮಾಡದೆ ಬೋಣಿ ಮಾಡಬೇಕು.

“ದೊಡ್ಡವರು ಅಂದ್ರೆ ಹಾಗಿರಬೇಕು ಮಾರಾಯ್ತಿ,” ಎಂದು ಮನೆಯಲ್ಲಿ ಹೇಳುವಾಗ ಶೆಟ್ಟರ ಕಣ್ಣು ಅರಳುತ್ತಿತ್ತು. “ಗಂಟೆ ಬಾರಿಸ್ಲಿಕ್ಕೆ ಆಳು ಇರ್ಲಿಲ್ವಾ ಅವರಿಗೆ?”

“ನನ್ನ ಅಮ್ಮ ಐವಿ ಅಲ್ಲಿ ಮೊಟ್ಟೆ ಮಾರುತ್ತಿದ್ದಳು,” ಎಂದಿದ್ದರು ಎವ್ಲಿನ್ ಒಮ್ಮೆ. “ಆಗಿನ ಯಜಮಾನರು ಬೋಣಿಗೆ ಅವಳ ಬುಟ್ಟಿಯ ಹತ್ತಿರವೇ ಬರುತ್ತಿದ್ದರು. ಮೊಟ್ಟೆ ತಾಜಾ ಇರುತ್ತಿತ್ತಲ್ಲ, ಅದಕ್ಕಿರಬೇಕು.”

ಎವ್ಲಿನ್ ಕೊಟ್ಟ ನಕ್ಷೆಯಲ್ಲಿ ಗಂಡು ಹೆಣ್ಣು ಎನ್ನದೆ ಎಲ್ಲರ ಹೆಸರೂ ಇದ್ದವು. ದೂರದ ನಂಟು ಎಂದು ಐವಿಯ ಹೆಸರನ್ನೂ ಅಂಚಿನಲ್ಲಿ ಬರೆದಿದ್ದರು. ಅಷ್ಟೆಲ್ಲ ಹಲಗೆಯಲ್ಲಿ ಹಿಡಿಸುವುದಿಲ್ಲ ಎಂದು ಶೆಟ್ಟರು ಫೋನು ಮಾಡಿದಾಗ ಎವ್ಲಿನ್, “ಮನೆತನ ಯಾರಿಂದ ಮುಂದುವರಿಯಿತೋ ಅವರನ್ನಷ್ಟೇ ಇಡಿ ಮೋಹನ್,” ಎಂದರು. ಅದರಲ್ಲಿ ಕೇಳುವುದೇನಿದೆ ಎಂದುಕೊಂಡು ಶೆಟ್ಟರು ಕೂತರು. ಅಕ್ಷರ ಅಕ್ಷರವನ್ನೂ ದೇವರ ಕೆಲಸದ ಹಾಗೆ ಕೆತ್ತಿದರು.

ನಾಳೆ ಎವ್ಲಿನ್ ಅವರ ಸಾಮಾನು ಕಟ್ಟುವವರು ಬರುತ್ತಾರೆ ಎನ್ನುವಾಗ ಮಗಳು ಸುಪ್ರೀತಾ ಈಸಾ ಟೌನಿನ ಶಾಲೆಯಿಂದ ನೇರ ವರ್ಕ್‌ಶಾಪಿಗೆ ಬಂದಳು. ಎಣ್ಣೆ ಕುಡಿದು ಹೊಳೆಯುತ್ತಿದ್ದ ಹಲಗೆಯನ್ನು ಓದಿದಳು.

“ಪಪ್ಪ, ರೂಪರ್ಟ್ ಎಲ್ಲಿ? ಸಂತೆಯ ಹಾಲ್ ಕಟ್ಟಿಸಿದವನು?”

“ಅವನು ಹ್ಯೂನ ಮಗ ಅಲ್ವಾ. ಅವನದ್ದು ಅವನ ತಾಯಿಯ ಮನೆತನ. ಹ್ಯೂನ ನಂತರ ತಂಗಿ ಆಗ್ನೆಸ್, ಮತ್ತೆ ಅವಳ ಮಗಳು, ಮಗಳ ಮಗಳು...”

“ಅಯ್ಯೋ ಪಪ್ಪ, ಅದು ನಮ್ಮ ಬಂಟರಲ್ಲಿ! ಇಂಗ್ಲಿಷರಲ್ಲಿ ಎಲ್ಲಾ ಮಗನಿಗೆ ಹೋಗೋದು!”

ಶೆಟ್ಟರು ನಕ್ಷೆ ತೆಗೆದು ಹಲಗೆಯ ಪಕ್ಕ ಹಿಡಿದರು. ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದವರು. ಕುಟುಂಬ ಎಂದರೆ ತಾಯಿಯಿಂದ ಬಂದದ್ದು, ಮಾವನ ಯಜಮಾನಿಕೆ ತಂಗಿಯ ಮಕ್ಕಳಿಗೆ. ಇದರಾಚೆಗೆ ಅವರ ಕೈ ಯೋಚಿಸಿಯೇ ಇರಲಿಲ್ಲ. ಕಾಗದವಾದರೆ ಹರಿದು ಬಿಸಾಡಬಹುದು, ಸಾಗುವಾನಿಯನ್ನು ಏನು ಮಾಡುವುದು? ಬರಿಗೈಯಲ್ಲಿ ಊರು ಸೇರುವ ಎವ್ಲಿನ್ ಅವರ ಮುಖ ನೆನೆದು ಅವರಿಗೆ ನಿಜಕ್ಕೂ ಅಳು ಬಂತು.

ಮರುದಿನ ಬೆಳಿಗ್ಗೆ ಎವ್ಲಿನ್ ದೊಡ್ಡ ಬಿಸಿಲುಟೋಪಿ ಹಾಕಿಕೊಂಡು ಬಂದರು. ಹೊದಿಸಿದ ಬಟ್ಟೆ ತೆಗೆಯುವ ಮೊದಲೇ ಶೆಟ್ಟರು ಒಂದೇ ಉಸಿರಿಗೆ ಎಲ್ಲ ಹೇಳಿ, “ತಪ್ಪಾಯ್ತು ಮೇಡಂ. ಹೊಸದು ಮಾಡಿ ನನ್ನ ಖರ್ಚಲ್ಲೇ ಹಡಗಿಗೆ ಹಾಕ್ತೇನೆ. ಸಮಾರಂಭಕ್ಕೆ ತಲುಪೋದಿಲ್ಲ, ಅದೇ ಸಂಕಟ,” ಎಂದರು.

ಎವ್ಲಿನ್ ಬಟ್ಟೆ ಸರಿಸಿ ಬೆರಳಿಟ್ಟು ಓದುತ್ತ ಬಂದರು. ಹ್ಯೂ. ಅವನ ಪಕ್ಕ ಆಗ್ನೆಸ್. ಅವಳಿಂದ ಕೆಳಗೆ ಒಂದೇ ನೇರ ಸಾಲು, ತಾಯಿಯ ಕೆಳಗೆ ಮಗಳು. ಬೆರಳು ಕೊನೆಗೆ ಐವಿಯ ಹೆಸರಿನ ಮೇಲೆ ನಿಂತಿತು.

“ಈ ನಂಟು ನನಗೆ ಗೊತ್ತಿತ್ತು,” ಎಂದರು. “ಹೀಗೆ ಕಂಡಿರಲಿಲ್ಲ. ಮೋಹನ್, ಯಜಮಾನರು ಅಮ್ಮನ ಬುಟ್ಟಿಗೇ ಬರುತ್ತಿದ್ದದ್ದು ಮೊಟ್ಟೆ ತಾಜಾ ಅಂತಲ್ಲ. ಆಗ್ನೆಸಳ ಹೆಣ್ಣುಮಕ್ಕಳ ಸಂತತಿ ಯಾವುದು ಅಂತ ಅವರು ಮರೆತಿರಲಿಲ್ಲ. ನಾವು ಬಡವರಾದೆವು, ನಾವೇ ಮರೆತೆವು.”

“ರೂಪರ್ಟನನ್ನು ಬಿಟ್ಟದ್ದು ತಪ್ಪೇ ಮೇಡಂ. ಎಂಥಾ ಮನುಷ್ಯ ಅವನು!”

“ಅವನ ಸಾಲಿನವರ ಚಿತ್ರಗಳು ಆ ಸಂತೆಕಟ್ಟಡದ ಗೋಡೆ ತುಂಬ ಇವೆ. ಅವುಗಳ ಎದುರಿಗೇ ಇದನ್ನು ಹಾಕಿಸುತ್ತೇನೆ. ಅವರಿಗೂ ಸಂತೋಷವೇ ಆಗುತ್ತದೆ.” ಬೆರಳು ಐವಿಯ ಕೆಳಗೆ ಜಾರಿತು. “ಇಲ್ಲಿ ಯಾಕೆ ಖಾಲಿ ಬಿಟ್ಟಿದ್ದೀರಿ?”

“ಅದು ನಿಮ್ಮ ಜಾಗ. ನಮ್ಮ ಲೆಕ್ಕದಲ್ಲಿ ಆ ಮನೆಗೆ ಈಗ ಹಿರಿಯರು ನೀವು. ಕೇಳದೆ ಕೆತ್ತಬಾರದು ಅಂತ ಬಿಟ್ಟೆ.”

ಎವ್ಲಿನ್ ಒಮ್ಮೆ ಹಲಗೆ ನೋಡಿದರು, ಒಮ್ಮೆ ಶೆಟ್ಟರನ್ನು. ಆಮೇಲೆ ನೆಟ್ಟಗೆ ನಿಂತು, ಎರಡು ಕೈಗಳಿಂದ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಒತ್ತಿಕೊಂಡರು.

ಶೆಟ್ಟರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಉಳಿ ಕೈಗೆತ್ತಿಕೊಂಡರು.